ಒಲೆಯ ಅಂಚಿನ ಕಲ್ಲು

ಶಹಾಬಾದಿನ ದೇವಿಂದ್ರಪ್ಪ ಸಾಹುಕಾರನಿಗೆ ಹೈದರಾಬಾದಿನ ಜಪಾನಿ ಹೋಟೆಲಿನಿಂದ ಊಟದ ಕರೆ ಬಂದಿದೆ ಎಂಬ ಸುದ್ದಿ ಒಂದೇ ದಿನದಲ್ಲಿ ಸ್ಟೇಷನ್ ರಸ್ತೆಯ ಚಹಾದಂಗಡಿಯಿಂದ ವಾಡಿಯ ಬೀಗರ ಮನೆಯವರೆಗೆ ಮುಟ್ಟಿತು. ಮುಟ್ಟಿಸಿದವರು ಬೇರೆ ಯಾರೂ ಅಲ್ಲ, ಸ್ವತಃ ಸಾಹುಕಾರನೇ. ಎದುರಿಗೆ ಸಿಕ್ಕವರನ್ನು ತಡೆದು ನಿಲ್ಲಿಸಿ, ಅವರು ಕೇಳದಿದ್ದರೂ, "ಜಪಾನದ ಮಂದಿ ನಮ್ಮ ಫರಸಿ ಮ್ಯಾಲ ನಿಂತು ಅಡಗಿ ಮಾಡಾಕತ್ತಾರ್ರೀ" ಎಂದು ಹೇಳಿ, ಅವರು "ಹೌದೇನ್ರಿ!" ಎಂದು ಬಾಯಿ ತೆರೆಯುವವರೆಗೆ ಕೈ ಬಿಡುತ್ತಿರಲಿಲ್ಲ.

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೈದರಾಬಾದಿನ ಸುರೇಶಕುಮಾರ ಎಂಬ ಉಳ್ಳವನೊಬ್ಬ ಜಪಾನಿಗೆ ಹೋಗಿ ಬಂದವನೇ, ಅಲ್ಲಿಯ ಹಾಗೆ ಗಿರಾಕಿಗಳ ಕಣ್ಣೆದುರೇ ಕೆಂಡದ ಮೇಲೆ ಸುಟ್ಟು ಬಡಿಸುವ ಹೋಟೆಲು ಮಾಡಲು ಹೊರಟಿದ್ದ. ಅಡುಗೆಯವನನ್ನು ಜಪಾನಿನಿಂದಲೇ ಕರೆಸಿದ. ಇದ್ದಿಲು ಸಹ ಅಲ್ಲಿಂದಲೇ ತರಿಸಿದ. ನೆಲಕ್ಕೆ ಮತ್ತು ಗೋಡೆಗೆ ಮಾತ್ರ ನಮ್ಮ ಶಹಾಬಾದಿನ ನೀಲಿ ಛಾಯೆಯ ಫರಸಿ ಕಲ್ಲೇ ಬೇಕೆಂದ. ಹತ್ತಾರು ಕಲ್ಲು ವ್ಯಾಪಾರಿಗಳಲ್ಲಿ ದೇವಿಂದ್ರಪ್ಪನನ್ನೇ ಅವನು ಆರಿಸಿದ್ದಕ್ಕೂ ಕಾರಣವಿತ್ತು. ದೇವಿಂದ್ರಪ್ಪನ ತಾಯಿಯ ತವರು ಸೇಡಂ ತಾಲೂಕಿನ ಆಡಕಿ ಕಡೆ, ತೆಲಂಗಾಣದ ಗಡಿಗೆ ಹತ್ತಿರ. ಹಾಗಾಗಿ ಅವನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಫೋನಿನಲ್ಲಿ ತೆಲುಗು ಕೇಳಿದ ಕೂಡಲೇ ಸುರೇಶಕುಮಾರ ಮನೆಯವರೇ ಸಿಕ್ಕ ಹಾಗೆ ಮೆತ್ತಗಾಗಿದ್ದ.

ಕಲ್ಲು ಕೂರಿಸಿದವನು ಹಾಜಿಮಲಂಗ್. ಐವತ್ತು ದಾಟಿದ ಮೇಸ್ತ್ರಿ, ಹನ್ನೊಂದು ವರ್ಷದಿಂದ ದೇವಿಂದ್ರಪ್ಪನ ಹತ್ತಿರವೇ ಕೆಲಸ. ಅವನು ಕೂರಿಸಿದ ಎರಡು ಕಲ್ಲುಗಳ ನಡುವೆ ಕೂದಲೂ ತೂರುವುದಿಲ್ಲ ಎಂದು ಶಹಾಬಾದಿನಲ್ಲಿ ಎಲ್ಲರೂ ಒಪ್ಪುತ್ತಾರೆ, ಅವನನ್ನು ಕಂಡರಾಗದವರು ಸಹ. ಹೋಟೆಲು ತೆರೆಯುವ ದಿನದ ಊಟಕ್ಕೆ ಸುರೇಶಕುಮಾರ ಕರೆ ಕಳಿಸುವಾಗ, "ಮೇಸ್ತ್ರಿಯನ್ನೂ ಕರೆತನ್ನಿ, ಅವರದೂ ಊಟ ನಮ್ಮಲ್ಲೇ" ಎಂದು ಒತ್ತಿ ಹೇಳಿದ್ದ.

ಇಷ್ಟೆಲ್ಲ ಸಂಭ್ರಮವಿದ್ದರೂ ಗುರುವಾರ ಬೆಳಿಗ್ಗೆ ಹಾಜಿಮಲಂಗನೊಂದಿಗೆ ರೈಲು ಹತ್ತಿದ ದೇವಿಂದ್ರಪ್ಪನಿಗೆ ಒಂದು ಅಳುಕಿತ್ತು. ಅದನ್ನು ಅವನು ಚಹಾದಂಗಡಿಯಲ್ಲಿ ಹೇಳಿರಲಿಲ್ಲ. ಹೆಂಡತಿ ಸೂಗಮ್ಮನಿಗೂ ಹೇಳಿರಲಿಲ್ಲ.

ಶಹಾಬಾದಿನಲ್ಲಿ ಮನೆಯ ನೆಲ ಫರಸಿ, ಗೋಡೆ ಫರಸಿ, ಮಾಳಿಗೆ ಫರಸಿ, ಬಚ್ಚಲು, ನೀರಿನ ತೊಟ್ಟಿ, ದನದ ಗೋದಲಿ ಎಲ್ಲವೂ ಫರಸಿ. ಆದರೆ ಒಲೆಗೆ ಮಾತ್ರ ಯಾರೂ ಆ ಕಲ್ಲು ಹಚ್ಚುವುದಿಲ್ಲ. ಬೆಂಕಿಯ ಝಳ ಬಡಿದರೆ ಅದು ಪದರುಪದರಾಗಿ ಬಿಟ್ಟುಕೊಂಡು ಸಿಡಿಯುತ್ತದೆ. ಈ ಮಾತನ್ನು ಯಾವ ಇಂಜಿನಿಯರೂ ಹೇಳಬೇಕಿಲ್ಲ, ಅಡುಗೆಮನೆಯಲ್ಲಿ ಕುಳಿತ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಹೋಟೆಲಿನ ನಕ್ಷೆ ಮಾಡಿದವರಿಗೆ ಇದು ಗೊತ್ತಿರಲಿಲ್ಲ. ಕೆಂಡದ ಕುಂಡದ ಸುತ್ತ ಒಂದು ಗೇಣು ಅಗಲದ ಅಂಚನ್ನೂ ಅದೇ ಕಲ್ಲಿನಲ್ಲಿ ಮಾಡಬೇಕೆಂದು ಬರೆದು ಕಳಿಸಿದ್ದರು.

ನಕ್ಷೆ ನೋಡಿದ ದಿನವೇ ಹಾಜಿಮಲಂಗ್ ಕಲ್ಲಿನ ಅಡ್ಡೆಯಲ್ಲಿ ಎಲ್ಲರೆದುರೂ ಹೇಳಿದ್ದ: "ಸಾವ್ಕಾರ್ರೆ, ಬೆಂಕಿ ಬಾಜು ಫರಸಿ ಬ್ಯಾಡ್ರಿ. ಅಲ್ಲಿಗಿ ಕರಿಕಲ್ಲು ಹಚ್ಚೋಣು. ನಿಮ್ಮ ಮನ್ಯಾಗ ಅಕ್ಕಾರು ಒಲಿಗಿ ಫರಸಿ ಹಚ್ಚ್ಯಾರೇನ್ರಿ?"

"ಅದು ಸೌದಿ ಒಲಿ ಅಲ್ಲೋ ಮಾರಾಯ, ಜಪಾನದ ಒಲಿ. ಅವರ ಇಂಜಿನೇರ್ ಏನ್ ಹುಚ್ಚರೇನು? ನೀ ಸುಮ್ಮ ಕುಂದ್ರಸು" ಎಂದು ದೇವಿಂದ್ರಪ್ಪ ಗದರಿಸಿದ್ದ.

ಅವನ ಕಷ್ಟ ಬೇರೆ. ಅಂಚಿಗೆ ನಮ್ಮ ಕಲ್ಲು ಆಗುವುದಿಲ್ಲ ಎಂದು ಹೇಳುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ. ಊರೆಲ್ಲ ಹೊಗಳಿಕೊಂಡು ಬಂದ ಕಲ್ಲಿಗೆ ತಾನೇ ಕುಂದು ಹೇಳುವುದೆಂದರೆ ಹೇಗೆ? ಒಂದು ಕಡೆ ಆಗುವುದಿಲ್ಲ ಎಂದರೆ ಪೂರ್ತಿ ಕೆಲಸವನ್ನೇ ಬೇರೆಯವರಿಗೆ ಕೊಟ್ಟುಬಿಟ್ಟರೆ? ಸುರೇಶಕುಮಾರನೇ ಒಮ್ಮೆ ಫೋನಿನಲ್ಲಿ ನೇರವಾಗಿ ಕೇಳಿದ್ದ, ಈ ಕಲ್ಲು ಕಾವು ತಡೆಯುತ್ತದೆಯೇ ಎಂದು. "ನೂರು ವರ್ಷ ತಡೆಯುತ್ತದೆ ಸಾರ್" ಎಂದು ದೇವಿಂದ್ರಪ್ಪ ತೆಲುಗಿನಲ್ಲಿ ತಡವರಿಸದೆ ಹೇಳಿದ್ದ. ಹೇಳಿ ಫೋನಿಟ್ಟ ಮೇಲೆ ಮಾತ್ರ ಒಂದು ಚೊಂಬು ನೀರು ಕುಡಿದಿದ್ದ.

ಹೋಟೆಲು ಊಹಿಸಿದಷ್ಟು ದೊಡ್ಡದಿರಲಿಲ್ಲ. ನಡುವೆ ಉದ್ದನೆಯ ಕೆಂಡದ ಕುಂಡ, ಅದರ ಸುತ್ತ ಕಲ್ಲಿನ ಅಂಚು, ಅಂಚಿನ ಆಚೆ ಮರದ ಹಲಗೆ, ಹಲಗೆಗೆ ತಾಗಿದಂತೆ ಗಿರಾಕಿಗಳು ಸಾಲಾಗಿ ಕೂರುವ ಎತ್ತರದ ಕುರ್ಚಿಗಳು. ಕುಂಡದ ಆ ಬದಿ ಜಪಾನಿನ ಅಡುಗೆಯವನು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮಂಡಿಯೂರಿ ಕುಳಿತಿದ್ದ. ವಯಸ್ಸು ಅರವತ್ತರ ಹತ್ತಿರ. ಒಳಗೆ ಕಾಲಿಟ್ಟವರಿಗೆಲ್ಲ ಅವನು ಎದ್ದು ನಿಂತು ಸೊಂಟ ಬಾಗಿಸಿ ನಮಸ್ಕರಿಸುತ್ತಿದ್ದ. ಸುರೇಶಕುಮಾರ ಓಡೋಡಿ ಬಂದು ಇಬ್ಬರನ್ನೂ ಕುಂಡದ ನಟ್ಟನಡುವಿನ ಎರಡು ಕುರ್ಚಿಗಳಲ್ಲಿ ಕೂರಿಸಿದ. "ಇವೇ ಎಲ್ಲಕ್ಕಿಂತ ಒಳ್ಳೆಯ ಜಾಗ" ಎಂದ. ದೇವಿಂದ್ರಪ್ಪನಿಗೆ ಎಲ್ಲಾದರೂ ಮೂಲೆಯಲ್ಲಿ ಕೂತರೆ ಸಾಕಾಗಿತ್ತು.

ಕೈ ಒರೆಸಿಕೊಳ್ಳಲು ಬಿಸಿ ಬಟ್ಟೆ ತಂದುಕೊಟ್ಟರು. ಹಾಜಿಮಲಂಗ್ ಕೈ ಒರೆಸಿಕೊಂಡ ಮೇಲೆ ಅದೇ ಬಟ್ಟೆಯಿಂದ ಹಲಗೆಯ ಪಕ್ಕದ ಕಲ್ಲನ್ನೊಮ್ಮೆ ಒರೆಸಿ, ತಲೆ ವಾರೆ ಮಾಡಿ ಬೆಳಕಿನಲ್ಲಿ ಅದರ ಹೊಳಪು ನೋಡಿದ. ಬಡಿಸುವ ಹುಡುಗಿ ಮುಸಿಮುಸಿ ನಕ್ಕಳು. ದೇವಿಂದ್ರಪ್ಪನಿಗೆ ಸಿಟ್ಟು ಬಂತು. "ಏಯ್, ಇದು ನಮ್ಮ ಅಡ್ಡೆ ಅಲ್ಲ, ಸುಮ್ಮ ಕುಂದ್ರು" ಎಂದು ಪಿಸುಗುಟ್ಟಿದ. ಹಾಜಿಮಲಂಗ್ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಿಸಿ ಇಟ್ಟ. ಹೆಂಡತಿ ಚಾಂದಬೀ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ ಅವನು, ತೋಳಿಗೆ ಏನಾದರೂ ಹತ್ತೀತೆಂದು ಕೈಗಳನ್ನು ತೊಡೆಯ ಮೇಲೇ ಇಟ್ಟುಕೊಂಡ.

ಸುರೇಶಕುಮಾರ ತಿಳಿವಳಿಕೆಯುಳ್ಳವನು. ದೇವಿಂದ್ರಪ್ಪ ಲಿಂಗಾಯತ ಎಂದು ಗೊತ್ತಿದ್ದರಿಂದ ಕುಂಡದ ಒಂದು ತುದಿಯಲ್ಲಿ ಬರೀ ಕಾಯಿಪಲ್ಲೆಗೆಂದು ಬೇರೆ ಜಾಲರಿ, ಬೇರೆ ಇಕ್ಕಳ ಇಡಿಸಿದ್ದ. ಹಾಜಿಮಲಂಗನ ಕಡೆ ತಿರುಗಿ ಹಿಂದಿಯಲ್ಲಿ, "ಕೋಳಿ ಹಲಾಲ್ ಮಾಡಿದ್ದೇ ತರಿಸಿದ್ದೇನೆ, ನಿಸ್ಸಂಕೋಚವಾಗಿ ತಿನ್ನಿ" ಎಂದ.

ಹಾಜಿಮಲಂಗ್ ಎದೆಯ ಮೇಲೆ ಕೈಯಿಟ್ಟುಕೊಂಡು ಬೇಡವೆಂದ. ಆಮೇಲೆ ಕನ್ನಡದಲ್ಲಿ ದೇವಿಂದ್ರಪ್ಪನಿಗೆ, "ನಿಮ್ಮ ಬಾಜೂಕ ಕುಂತು ನಾ ಅದನ್ನ ತಿಂದ್ರ ನಿಮಗ ಊಟ ಹ್ಯಾಂಗ ಸೇರ್ತದ್ರಿ? ನನಗೂ ಕಾಯಿಪಲ್ಲೇನೇ ಇರ್ಲಿ" ಎಂದ.

ಹನ್ನೊಂದು ವರ್ಷದಲ್ಲಿ ಇದೇನೂ ಹೊಸದಲ್ಲ. ಇಬ್ಬರೂ ಒಟ್ಟಿಗೆ ಕೆಲಸದ ಮೇಲೆ ಹೋದಲ್ಲೆಲ್ಲ ಅವನು ಹೀಗೇ. ದೇವಿಂದ್ರಪ್ಪ ಅದನ್ನು ಒಂದು ದೊಡ್ಡ ಸಂಗತಿ ಎಂದು ಯಾವತ್ತೂ ಎಣಿಸಿರಲಿಲ್ಲ. ಅವತ್ತು ಮಾತ್ರ ಯಾಕೋ ಮೇಸ್ತ್ರಿಯ ಮುಖ ನೋಡಲಾಗದೆ ಕೈಯನ್ನು ಇನ್ನೊಮ್ಮೆ ಒರೆಸಿಕೊಂಡ.

ಅಡುಗೆಯವನು ಅಣಬೆ, ಬದನೆಕಾಯಿ, ಗೆಣಸು, ಎಳೆಯ ಮೆಕ್ಕೆತೆನೆ ಎಲ್ಲವನ್ನೂ ಸಣ್ಣ ಬಿದಿರು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ತಿರುಗಿಸುತ್ತಿದ್ದ. ಹೊಗೆಯೇ ಇಲ್ಲದ ಬೆಂಕಿ. ಬೆಂದದ್ದನ್ನು ಅಂಬಿಗರ ಹುಟ್ಟಿನಂಥ ಉದ್ದ ಹಲಗೆಯ ಮೇಲಿಟ್ಟು, ಕುಳಿತಲ್ಲಿಂದಲೇ ಚಾಚಿ, ಗಿರಾಕಿಯ ಮುಂದೆ ತಂದು ನಿಲ್ಲಿಸುತ್ತಿದ್ದ. ಬದನೆಕಾಯಿ ನಮ್ಮ ಹೊಲದಲ್ಲಿ ಸುಟ್ಟು ತಿನ್ನುವ ಬದನೆಕಾಯಿಯದೇ ರುಚಿ, ಮೇಲೆ ಸಿಹಿಯಾದದ್ದೇನೋ ಸವರಿದ್ದರು ಅಷ್ಟೇ. ಬೇರೆ ದಿನವಾಗಿದ್ದರೆ ದೇವಿಂದ್ರಪ್ಪ ಹತ್ತು ಕಡ್ಡಿ ತಿನ್ನುತ್ತಿದ್ದ. ಅವತ್ತು ಅವನ ಕಣ್ಣು ಕಡ್ಡಿಯ ಮೇಲಿರಲಿಲ್ಲ, ಕೆಂಡಕ್ಕೆ ಅಂಟಿಕೊಂಡಿದ್ದ ಆ ಗೇಣಗಲದ ಕಲ್ಲಿನ ಮೇಲಿತ್ತು. ಅಡುಗೆಯವನು ಬೀಸಣಿಗೆಯಿಂದ ಗಾಳಿ ಹಾಕಿದಾಗೆಲ್ಲ ಕೆಂಡ ಕೆಂಪೇರುತ್ತಿತ್ತು, ಇವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಊಟ ಒಂದು ಮುಗಿದರೆ ಸಾಕಪ್ಪಾ ಬಸವಣ್ಣಾ ಎಂದು ಒಳಗೊಳಗೇ ಹರಕೆ ಹೊತ್ತ. ಇನ್ನೊಂದು ಗಂಟೆ, ಆಮೇಲೆ ಏನಾದರೂ ಆಗಲಿ.

"ಸಾವ್ಕಾರ್ರೆ" ಎಂದ ಹಾಜಿಮಲಂಗ್ ಮೆಲ್ಲಗೆ. "ಆ ಬಲಕಿನ ಕಲ್ಲಿನ ಬಣ್ಣ ನೋಡ್ರಿ. ಬಿಳಿ ಹೊಡ್ಯಾಕತ್ತದ. ಈಗರೆ ಹೇಳ್ರಿ ಅವರಿಗಿ."

"ಉಣ್ಣು ನೀ."

"ಅಲ್ರಿ, ಆ ಅಡಗಿಯಂವ ಕಲ್ಲಿಗಿ ಮಾರಿ ಹಚ್ಚಿ ಕುಂತಾನ..."

"ಮಲಂಗ್, ನಾಕ್ ಮಂದಿ ಕುಂತಲ್ಲಿ ನನ್ನ ಮರ್ಯಾದಿ ತಗೀಬ್ಯಾಡ. ಉಣ್ಣು ಅಂದ್ರ ಉಣ್ಣು."

ಅದಾದ ಐದೇ ನಿಮಿಷಕ್ಕೆ ಟಪ್ ಎಂದು ಪಟಾಕಿ ಹೊಡೆದಂಥ ಸದ್ದಾಯಿತು. ಬಲಗಡೆಯ ಕಲ್ಲು ಮೇಲ್ಪದರು ಬಿಟ್ಟು ಹಾರಿತ್ತು. ಕೆಂಡ ಚೆಲ್ಲಾಡಿತು, ಹೆಂಗಸರು ಕಿರುಚಿಕೊಂಡು ಕುರ್ಚಿ ಬಿಟ್ಟು ಎದ್ದರು. ಅಡುಗೆಯವನು ಮುಖದ ಮೇಲೆ ಕೈ ಒತ್ತಿಕೊಂಡ. ಬೆರಳುಗಳ ಸಂದಿಯಿಂದ ರಕ್ತ ಇಳಿದು ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಕಲ್ಲಿನ ಚಕ್ಕೆ ಎಡಗಣ್ಣಿನ ಕೆಳಗೆ ಬಡಿದಿತ್ತು. ಒಂದು ಬೆರಳಷ್ಟು ಮೇಲೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು.

ಬಡಿಸುವ ಹುಡುಗಿ ಗಾಬರಿಯಿಂದ ನೀರಿನ ಜಗ್ಗು ಎತ್ತಿಕೊಂಡು ಬಂದಳು. ಹಾಜಿಮಲಂಗ್ ಅಷ್ಟರಲ್ಲಿ ಕುರ್ಚಿಯಿಂದ ಇಳಿದು ಅವಳಿಗೆ ಅಡ್ಡ ನಿಂತಿದ್ದ. ನೀರು ಬಿದ್ದರೆ ಉಳಿದ ಕಲ್ಲುಗಳೂ ಸಿಡಿಯುತ್ತವೆ ಎಂದು ದಖನಿ ಉರ್ದುವಿನಲ್ಲಿ ಕೂಗಿ ಹೇಳಿ, ಎಲ್ಲರನ್ನೂ ಹಿಂದಕ್ಕೆ ಸರಿಸಿ, ಇಕ್ಕಳ ಕಿತ್ತುಕೊಂಡು ಅಂಚಿಗೆ ತಾಗಿದ್ದ ಕೆಂಡವನ್ನೆಲ್ಲ ನಡುವಿಗೆ ಎಳೆಯತೊಡಗಿದ. ಚಾಂದಬೀ ಇಸ್ತ್ರಿ ಮಾಡಿದ ಅಂಗಿಯ ತೋಳು ಎರಡು ಕಡೆ ಸುಟ್ಟು ತೂತಾಯಿತು. ದೇವಿಂದ್ರಪ್ಪ ಮಾತ್ರ ಕೈಯಲ್ಲಿ ಗೆಣಸಿನ ಕಡ್ಡಿ ಹಿಡಿದುಕೊಂಡೇ ನಿಂತಿದ್ದ.

ಸುರೇಶಕುಮಾರ ಮುಖ ಬಿಳಿಚಿಕೊಂಡು ಬಂದ. ಬಂದವನು ತೆಲುಗಿನಲ್ಲಿಯೇ ಕೇಳಿದ: "ದೇವಿಂದ್ರಪ್ಪನವರೇ, ಏನಿದು? ಕಾವು ತಡೆಯುತ್ತದೆ ಎಂದು ನೀವೇ ಹೇಳಿದ್ದಿರಲ್ಲ?"

ಹೇಳಬೇಕಾದ ಮಾತು ಒಂದೇ ಇತ್ತು, ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಸುತ್ತ ನಿಂತ ಸೂಟುಬೂಟಿನ ಜನರನ್ನು ನೋಡಿದ ಮೇಲೆ ಅದು ಹಿಂದಕ್ಕೆ ಹೋಯಿತು. ಹಾಜಿಮಲಂಗ್ ಎರಡು ಮಾರು ದೂರದಲ್ಲಿ ಬಗ್ಗಿ ಕೆಂಡ ಎಳೆಯುತ್ತಿದ್ದ. ಅವನಿಗೆ ಕನ್ನಡ, ದಖನಿ ಬಿಟ್ಟರೆ ಬೇರೆ ಮಾತು ಬಾರದು ಎಂದು ದೇವಿಂದ್ರಪ್ಪ ತಿಳಿದಿದ್ದ. ಆ ಧೈರ್ಯದ ಮೇಲೆ ಬಾಯಿ ತೆರೆದ.

"ಕಲ್ಲಿನದು ತಪ್ಪಲ್ಲ ಸಾರ್. ಇಲ್ಲಿಗೆ ಬೇರೆ ಕಲ್ಲು ಹಾಕು ಅಂತ ನಾನು ಮೇಸ್ತ್ರಿಗೆ ಸಾರಿ ಸಾರಿ ಹೇಳಿ ಕಳಿಸಿದ್ದೆ. ಅವನೇ ಕೇಳಲಿಲ್ಲ. ಓದು ಬರಹ ಇಲ್ಲದವನು, ಹೇಳಿದ್ದು ತಲೆಗೆ ಹೋಗುವುದಿಲ್ಲ. ನೋಡಿಕೊಳ್ಳದೆ ಇದ್ದದ್ದು ನನ್ನ ತಪ್ಪು, ಅಷ್ಟೇ."

ಇಷ್ಟು ಹೇಳುವಾಗ ಅವನ ಕೈ ತಾನಾಗಿ ಎದೆಯ ಮೇಲಿನ ಲಿಂಗವನ್ನು ಮುಟ್ಟಿತು. ಬಿಸಿ ತಾಗಿದವನಂತೆ ಕೈ ತೆಗೆದ.

ಸುರೇಶಕುಮಾರ ಹಾಜಿಮಲಂಗನ ಬೆನ್ನನ್ನೊಮ್ಮೆ ನೋಡಿದ. "ಇನ್ನು ಮೇಲೆ ಆ ಮನುಷ್ಯನನ್ನು ನನ್ನ ಯಾವ ಕೆಲಸಕ್ಕೂ ಕಳಿಸಬೇಡಿ" ಎಂದ. ಹಾಜಿಮಲಂಗ್ ತಿರುಗಿ ನೋಡಲಿಲ್ಲ. ಇಕ್ಕಳ ಮಾತ್ರ ಒಂದು ಗಳಿಗೆ ನಿಂತು, ಮತ್ತೆ ಕೆಂಡ ಎಳೆಯಿತು.

ಅಷ್ಟರಲ್ಲಿ ಅಡುಗೆಯವನು ಕೆನ್ನೆಗೆ ಬಟ್ಟೆ ಒತ್ತಿಕೊಂಡು ಎದ್ದು ನಿಂತ. ಗಿರಾಕಿಗಳ ಎದುರು ಬಂದು, ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಪ್ರತಿಯೊಬ್ಬರಿಗೂ ಸೊಂಟ ಬಾಗಿಸಿ, ತನ್ನ ಭಾಷೆಯಲ್ಲಿ ಏನೋ ಹೇಳಿದ. ಊಟಕ್ಕೆ ಭಂಗ ಬಂದದ್ದಕ್ಕೆ ಕ್ಷಮೆ ಕೇಳುತ್ತಿದ್ದಾರೆ ಎಂದು ಸುರೇಶಕುಮಾರ ಎಲ್ಲರಿಗೂ ತಿಳಿಸಿದ. ರಕ್ತ ಸುರಿಸಿಕೊಂಡವನು, ಯಾವ ತಪ್ಪೂ ಮಾಡದವನು, ದೇವಿಂದ್ರಪ್ಪನ ಎದುರಿಗೂ ಬಂದು ಅಷ್ಟೇ ಆಳವಾಗಿ ಬಾಗಿದ. ದೇವಿಂದ್ರಪ್ಪನಿಗೆ ನಿಂತ ಜಾಗದಲ್ಲೇ ಕುಸಿದು ಹೋಗಬೇಕೆನಿಸಿತು. ಅವನು ಕೂಡ ತಲೆ ಬಗ್ಗಿಸಿದ, ನೋಡಿದವರು ಅದನ್ನು ಮರ್ಯಾದೆ ಎಂದುಕೊಂಡರು.

ಮೂರರ ಗಾಡಿಗೆ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಹತ್ತಿದರು. ಕಿಟಕಿಗೆ ಎದುರುಬದುರು ಜಾಗ ಸಿಕ್ಕಿತು. ವಿಕಾರಾಬಾದ್ ದಾಟಿತು. ಹಾಜಿಮಲಂಗ್ ತೋಳಿನ ಸುಟ್ಟ ತೂತಿನೊಳಗೆ ಬೆರಳು ಆಡಿಸುತ್ತಿದ್ದ. ಆ ತೂತನ್ನು ನೋಡಲಾರದೆ ದೇವಿಂದ್ರಪ್ಪನೇ ಸುಮ್ಮನಿರಲಾರದೆ ಹೋದ. ಸುಮ್ಮನಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮಲಂಗ್, ನೀ ಮನಸಿಗಿ ಹಚ್ಕೋಬ್ಯಾಡ. ನಾ ಅವರಿಗಿ ಸರಿಯಾಗಿ ತಿಳಿಸಿ ಹೇಳೀನಿ. ಮೇಸ್ತ್ರಿದೇನೂ ತಪ್ಪಿಲ್ರಿ, ಕಲ್ಲಿನ ಗುಣಾನೇ ಅದು ಅಂದೆ. ನಿನ್ನ ಹೆಸರಿಗಿ ಒಂದು ಚುಕ್ಕಿ ಸೈತ ಬಿಡಲಿಲ್ಲ."

ಹಾಜಿಮಲಂಗ್ ಅವನ ಮುಖವನ್ನೇ ನೋಡಿದ. "ಹೌದೇನ್ರಿ" ಎಂದ. ಆಮೇಲೆ ಕಿಟಕಿಯ ಕಡೆ ತಿರುಗಿದ.

ದೇವಿಂದ್ರಪ್ಪನಿಗೆ ಸ್ವಲ್ಪ ಹಗುರವಾಯಿತು. ಹೊಸ ಅಂಗಿಯೊಂದನ್ನು ಕೊಡಿಸಿದರಾಯಿತು ಎಂದುಕೊಂಡ. ಒಳ್ಳೆಯ ಬಟ್ಟೆಯದೇ ಕೊಡಿಸಿದರಾಯಿತು. ತಾನು ಅಷ್ಟೇನೂ ಕೆಟ್ಟವನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿರುವಾಗ ಗಾಡಿ ತಾಂಡೂರಿಗೆ ಬಂದು ನಿಂತಿತು.

ಹಾಜಿಮಲಂಗ್ ಎದ್ದು ಕಿಟಕಿಯ ಸರಳಿಗೆ ಮುಖ ತಂದು ಪ್ಲಾಟ್‌ಫಾರ್ಮಿನ ಚಹಾದವನನ್ನು ಕರೆದ. "ಅಣ್ಣಾ, ರೆಂಡು ಚಾಯ್ ಇವ್ವು. ಒಕದಾಂಟ್ಲ ಚಕ್ಕೆರ ತಕ್ಕುವೆಯ್." ಎರಡು ಚಹಾ, ಒಂದರಲ್ಲಿ ಸಕ್ಕರೆ ಕಡಿಮೆ. ಚಹಾದವನು ಏನೋ ಕೇಳಿದ. ಇವನೂ ಏನೋ ಹೇಳಿದ. ಈ ವರ್ಷ ಕಲ್ಲಿನ ಖಣಿಗಳು ಹೇಗೆ ನಡೆದಿವೆ, ಊರ ಹೊರಗಿನ ಹಳೆಯ ಖಣಿಯಲ್ಲಿ ಇನ್ನೂ ನೀರು ನಿಂತಿದೆಯೇ, ಕೂಲಿಗಳ ಮುಕದ್ದಮ ಬದುಕಿದ್ದಾನೆಯೇ ಎಂದು ಇಬ್ಬರೂ ಹಳೆಯ ಗುರುತಿನವರ ಹಾಗೆ ಮಾತಾಡಿದರು. ಹಾಜಿಮಲಂಗನ ತೆಲುಗು ದೇವಿಂದ್ರಪ್ಪನ ತೆಲುಗಿಗಿಂತ ಚೆನ್ನಾಗಿತ್ತು.

ಗಾಡಿ ಹೊರಟಿತು. ಹಾಜಿಮಲಂಗ್ ಸಕ್ಕರೆ ಕಡಿಮೆ ಇದ್ದ ಲೋಟವನ್ನು ದೇವಿಂದ್ರಪ್ಪನ ಕೈಗೆ ಕೊಟ್ಟ.

"ನಿನಗ... ನಿನಗ ತೆಲುಗು ಬರ್ತದೇನು?"

"ಎಂಟು ವರ್ಷ ಇಲ್ಲೇ ಖಣಿನ್ಯಾಗ ಇದ್ದೆರಿ ಸಾವ್ಕಾರ್ರೆ. ಕಲ್ಲು ಕಡಿಯೋದು ಕಲ್ತಿದ್ದೇ ಇಲ್ಲಿ."

"ಹೇಳೇ ಇಲ್ಲಲ್ಲೋ ನನಗ."

"ನೀವು ಎಂದೂ ಕೇಳಲಿಲ್ರಿ." ಅಷ್ಟು ಹೇಳಿ ಅವನು ತನ್ನ ಚಹಾ ಊದಿ ಕುಡಿದ. ಸಿಟ್ಟು ಮಾಡಿದ್ದರೆ, ಬೈದಿದ್ದರೆ, ಎದುರು ಲೋಟ ಎಸೆದಿದ್ದರೂ ದೇವಿಂದ್ರಪ್ಪ ತಡೆದುಕೊಳ್ಳುತ್ತಿದ್ದ.

ಓದು ಬರಹ ಇಲ್ಲದವನು, ತಲೆಗೆ ಹೋಗುವುದಿಲ್ಲ. ತಾನು ಆಡಿದ ಒಂದೊಂದು ಮಾತೂ ಈಗ ತನ್ನ ಕಿವಿಗೇ ಮರಳಿ ಕೇಳಿಸತೊಡಗಿತು. ಅದರ ಮೇಲೆ ಅರ್ಧ ಗಂಟೆಯ ಹಿಂದೆ ಹೇಳಿದ ಇನ್ನೊಂದು ಸುಳ್ಳು, ಚುಕ್ಕೆ ಸಹ ಬಿಡಲಿಲ್ಲ ಎಂದದ್ದು. ಅದನ್ನು ಹೇಳುವಾಗ ತಾನು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಹೇಳಿದ್ದು ನೆನಪಾಗಿ ಮೈಯೆಲ್ಲ ಹಿಡಿಯಷ್ಟಾಯಿತು. ಅವನಿಗೆ ಜೀವನದಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಫೋನು ತೆಗೆದ. ಸುರೇಶಕುಮಾರ ಎತ್ತಿದ ಕೂಡಲೇ, ಎಲ್ಲಿ ಧೈರ್ಯ ಕೆಟ್ಟೀತೋ ಎಂದು, ಕ್ಷೇಮ ಸಮಾಚಾರವನ್ನೂ ಕೇಳದೆ ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿಬಿಟ್ಟ. ಮೇಸ್ತ್ರಿ ಮೊದಲೇ ಬೇಡವೆಂದಿದ್ದ. ಊಟಕ್ಕೆ ಕುಳಿತಾಗಲೂ ಎಚ್ಚರಿಸಿದ್ದ. ಬಾಯಿ ಮುಚ್ಚಿಸಿದವನು ನಾನು. ನಿಮಗೂ ಸುಳ್ಳು ಹೇಳಿದೆ, ಅವನ ಮೇಲೂ ಸುಳ್ಳು ಹೇಳಿದೆ. ಪಕ್ಕದ ಸೀಟಿನವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡ.

ಎಲ್ಲವನ್ನೂ ಕೇಳಿಸಿಕೊಂಡ ಸುರೇಶಕುಮಾರ, "ಮೇಸ್ತ್ರಿ ಪಕ್ಕದಲ್ಲಿದ್ದರೆ ಫೋನು ಅವರಿಗೆ ಕೊಡಿ" ಎಂದ.

ಹಾಜಿಮಲಂಗ್ ಕೈ ಒರೆಸಿಕೊಂಡು ಫೋನು ತೆಗೆದುಕೊಂಡ. ಆ ಕಡೆಯವನು ಹಿಂದಿಯಲ್ಲಿ ಶುರುಮಾಡಿದನೆಂದು ಕಾಣುತ್ತದೆ, ಇವನು ತೆಲುಗಿನಲ್ಲಿಯೇ ಉತ್ತರ ಕೊಟ್ಟ. ಅಂಚಿನ ಉಳಿದ ಕಲ್ಲುಗಳನ್ನು ಪೂರ್ತಿ ಆರಿದ ಮೇಲೆಯೇ ಮುಟ್ಟಬೇಕು, ತೆಗೆಸುವವರೆಗೆ ಒಲೆ ಹಚ್ಚಬಾರದು ಎಂದ. ಅಡುಗೆಯವರ ಗಾಯಕ್ಕೆ ಹೊಲಿಗೆ ಹಾಕಿದರೇ ಎಂದು ಕೇಳಿದ. ಸೋಮವಾರ ಕರಿಕಲ್ಲು ತಗೊಂಡು ಬರುತ್ತೇನೆ ಎಂದ.

"ಇಲ್ಲ ಸಾರ್, ಸಾಹುಕಾರರ ಕಡೆಯಿಂದಲ್ಲ, ನಾನೊಬ್ಬನೇ ಬರುತ್ತೇನೆ. ಇನ್ನು ಮೇಲೆ ನನ್ನ ಕೆಲಸ ನಾನೇ ಹಿಡಿಯುತ್ತೇನೆ."

ದೇವಿಂದ್ರಪ್ಪ ಎದುರಿಗೇ ಕುಳಿತಿದ್ದ. ಒಂದೊಂದು ಮಾತೂ ಅವನಿಗೆ ತಿಳಿಯುತ್ತಿತ್ತು, ತಿಳಿಯುತ್ತದೆ ಎಂದು ಹಾಜಿಮಲಂಗನಿಗೂ ಗೊತ್ತಿತ್ತು. ಆ ಕಡೆಯವನು ಇನ್ನೇನೋ ಕೇಳಿದ, ಸಾಹುಕಾರನನ್ನು ಕುರಿತೇ ಇರಬೇಕು. ಹಾಜಿಮಲಂಗ್ ಹೊರಗೆ ನೋಡಿದ. ಕಿಟಕಿಯಾಚೆ ಕಲ್ಲಿನ ರಾಶಿಗಳು ಹಿಂದೆ ಸರಿಯುತ್ತಿದ್ದವು.

"ಹಾಗೇನಿಲ್ಲ ಸಾರ್, ಅವರಿಂದ ಕಲ್ಲು ತಗೊಳ್ಳೋದು ಬಿಡಬೇಡಿ. ಮನುಷ್ಯ ಕೆಟ್ಟವರಲ್ಲ" ಎಂದ ತೆಲುಗಿನಲ್ಲಿ, ದನಿ ತಗ್ಗಿಸದೆ. "ಅಂಜುತ್ತಾರೆ, ಅಷ್ಟೇ."

ದೇವಿಂದ್ರಪ್ಪ ಲೋಟದೊಳಗೆ ಕಣ್ಣು ನೆಟ್ಟು ಕುಳಿತ. ಸೇಡಂ ಬಂತು, ಚಿತ್ತಾಪುರ ಬಂತು, ವಾಡಿಯೂ ಬಂತು. ಅವನು ತಲೆ ಎತ್ತಲಿಲ್ಲ.